ಕಾಫಿ ಕುಯ್ಲಿನ ಮೇಲೆ ಕಿರುಚಿತ್ರ: ಮಾಡಿದವರು ಅನುಭವ ಹೇಳಿ

ಸೋಮವಾರಪೇಟೆಯಿಂದ ಪ್ರಶ್ನೆ
ರೊಬಸ್ಟಾ ಕುಯ್ಯಲು ಬರುವ ಹೆಂಗಸೊಬ್ಬರ ಮೇಲೆ 10 ನಿಮಿಷದ ಕಿರುಚಿತ್ರ ಮಾಡಬೇಕು ಅಂತಿದ್ದೇನೆ. ಮೊಬೈಲ್ ಇದೆ, ಸ್ವಲ್ಪ ದುಡ್ಡು ಕೂಡಿಟ್ಟಿದ್ದೇನೆ. ಕ್ಯಾಮೆರಾ ತಗೊಳ್ಳಲಾ, ಡ್ರೋನ್ ಬಾಡಿಗೆಗೆ ತರಲಾ? ಚಿತ್ರ ಚೆನ್ನಾಗಿ ಬರಬೇಕು ಅಂದರೆ ಮುಖ್ಯವಾಗಿ ಏನು ನೋಡಿಕೊಳ್ಳಬೇಕು?

ಮಡಿಕೇರಿಯಿಂದ
ಆ ದುಡ್ಡನ್ನು ಮೈಕಿಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಬಟ್ಟೆಗೆ ಸಿಕ್ಕಿಸುವ ಮೈಕ್ ಸಾಕು, ಆದರೆ ಗಿಡದೊಳಗೆ ನುಗ್ಗಿ ಕುಯ್ಯುವಾಗ ಎಲೆ ತಾಗಿ ಬರೀ ಗರಗರ ಕೇಳುತ್ತದೆ. ಮಾತಿನ ಭಾಗವನ್ನು ಅವರು ಊಟಕ್ಕೆ ಕೂತಾಗ ಹಿಡಿಯಿರಿ. ಹತ್ತಿರದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಷೀನು) ಓಡುತ್ತಿದೆಯಾ ನೋಡಿಕೊಳ್ಳಿ. ಪ್ರತಿ ಜಾಗದಲ್ಲೂ ಒಂದು ನಿಮಿಷ ಎಲ್ಲರೂ ಸುಮ್ಮನಿದ್ದು ಆ ಜಾಗದ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತಿನ ತುಂಡುಗಳ ಅಡಿಯಲ್ಲಿ ಅದನ್ನು ಹಾಸಿದರೆ, ಎಲ್ಲಿ ಜೋಡಿಸಿದ್ದೀರಿ ಅಂತ ಗೊತ್ತಾಗುವುದಿಲ್ಲ.

ವಿರಾಜಪೇಟೆಯಿಂದ
ಬೆಳಗಿನ ಮಂಜು ನಿಮಗಾಗಿ ಕಾಯುವುದಿಲ್ಲ. ಮಂಜಿದ್ದಾಗ ದೂರದ ಶಾಟ್‌ಗಳನ್ನೆಲ್ಲ ಮುಗಿಸಿ. ಮುಖ, ಕೈ ಇಂಥ ಹತ್ತಿರದ ಶಾಟ್‌ಗಳಲ್ಲಿ ಹಿನ್ನೆಲೆ ಅಷ್ಟಾಗಿ ಕಾಣುವುದಿಲ್ಲ, ಅವನ್ನು ಬಿಸಿಲು ಜೋರಾಗುವ ಮೊದಲು ನೆರಳಲ್ಲಿ ತೆಗೆಯಬಹುದು.

ತೋಟದ ಕೆಲಸಗಾರರು ಇರುವ ಲೈನ್ ಮನೆಯೊಳಗೆ ಕತ್ತಲೆ ಜಾಸ್ತಿ. ಲೈಟು ತರುವ ಮೊದಲು ಬಾಗಿಲ ಹೊರಗೆ, ಬಿಸಿಲು ಬೀಳುವ ಕಡೆ ಬಿಳಿ ಪಂಚೆ ಕಟ್ಟಿ ನೋಡಿ. ಬೆಳಕು ಅದಕ್ಕೆ ಬಡಿದು ಮೆತ್ತಗಾಗಿ ಒಳಗೆ ಬರುತ್ತದೆ. ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ 1956ರ 'ಅಪರಾಜಿತೊ'ದಲ್ಲಿ ಮಾಡಿದ್ದೂ ಇದೇ ಕೆಲಸ. ಸ್ಟುಡಿಯೋದಲ್ಲಿ ಹಾಕಿದ ಕಾಶಿಯ ಮನೆ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ, ಅದಕ್ಕೆ ಲೈಟು ಹೊಡೆದು, ಅಂಗಳಕ್ಕೆ ಆಕಾಶದ ಬೆಳಕು ತಂದರು.

ಬಲ್ಬಿನ ಬೆಳಕಲ್ಲಿ ತೆಗೆಯುವಾಗ ಕ್ಯಾಮೆರಾದ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿನಲ್ಲಿಡಿ. ನಮ್ಮ ಕರೆಂಟು 50 ಹರ್ಟ್ಸ್. ಬೇರೆ ವೇಗ ಇಟ್ಟರೆ ಚಿತ್ರ ಮಿಣುಕುವ ಸಾಧ್ಯತೆ ಇದೆ.

ಗೋಣಿಕೊಪ್ಪಲಿನಿಂದ
ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ಅದಕ್ಕೂ ಮೊದಲಿನ ವಿಷಯ ಒಂದಿದೆ. ಆ ಅಕ್ಕನಿಗೆ ಅವತ್ತು ಏನು ಬೇಕು? ಅದು ಗೊತ್ತಾಗದೆ ಕ್ಯಾಮೆರಾ ಆನ್ ಮಾಡಬೇಡಿ.

ಕೊಡಗು ಎಲ್ಲಿ ನೋಡಿದರೂ ಚೆಂದ ಇದೆ, ಅಲ್ವಾ? ಬೆಟ್ಟ, ಮಂಜು, ಸಿಲ್ವರ್ ಓಕ್ ಸಾಲು ತೆಗೆಯುತ್ತಾ ಹೋದರೆ 10 ನಿಮಿಷ ತುಂಬಿಯೇ ಹೋಗುತ್ತದೆ, ಅಕ್ಕ ಮಾತ್ರ ಅದರಲ್ಲಿ ಇರುವುದಿಲ್ಲ. ಪ್ರವಾಸದ ಜಾಹೀರಾತಿನಲ್ಲಿ ಅದೆಲ್ಲ ಈಗಾಗಲೇ ಇದೆ.

ಕುಯ್ಲಿನ ಕಾಲದಲ್ಲಿ ಎಷ್ಟೋ ತೋಟಗಳಲ್ಲಿ ಕೂಲಿ ಕೊಡುವುದು ಕೆಜಿ ಲೆಕ್ಕಕ್ಕೆ. ಹಾಗಾದರೆ ಸಂಜೆ ತೂಕ ಹಾಕುವ ಹೊತ್ತೇ ನಿಮ್ಮ ಚಿತ್ರದ ಜೀವ. ಗಿಡದ ಕೆಳಗೆ ಟಾರ್ಪಲ್ ಹಾಸುವುದು, ಹಣ್ಣು ಉದುರುವುದು, ಕಡ್ಡಿ ಎಲೆ ಆರಿಸುವುದು, ಚೀಲ ಹೊತ್ತು ತಕ್ಕಡಿ ಹತ್ತಿರ ಬರುವುದು. ನೋಡುವವರು ತಕ್ಕಡಿಯ ಮುಳ್ಳಿನ ಮೇಲೇ ಕಣ್ಣಿಟ್ಟು ಕೂರುತ್ತಾರೆ. ಇದಕ್ಕೆ ಹಿನ್ನೆಲೆ ದನಿ ಬೇಡವೇ ಬೇಡ.

ಅವರು ಯರವ ಸಮುದಾಯದ ಭಾಷೆ ಆಡುವವರಾದರೆ ಅದನ್ನೇ ಆಡಲಿ. ಕೆಳಗೆ ಕನ್ನಡದ ಸಾಲು ಹಾಕಿ. ಕನ್ನಡದಲ್ಲೇ ಹೇಳಿ ಅಂದರೆ ಮಾತು ತಡವರಿಸುತ್ತದೆ, ಮುಖ ಗಟ್ಟಿಯಾಗುತ್ತದೆ.

ಎಡಿಟಿಂಗ್ ಬಗ್ಗೆ: ವಾಲ್ಟರ್ ಮರ್ಚ್ ಎಂಬ ದೊಡ್ಡ ಸಂಕಲನಕಾರರು ಒಂದು ಕಟ್ ಸರಿಯೋ ತಪ್ಪೋ ಅಂತ ನೋಡುವಾಗ ನೂರರಲ್ಲಿ ಭಾವಕ್ಕೆ 51, ಕಥೆಗೆ 23, ಲಯಕ್ಕೆ 10 ಅಂಕ ಕೊಡುತ್ತಾರೆ. ಹಾಗಾಗಿ ಶಾಟ್‌ನಿಂದ ಶಾಟ್‌ಗೆ ಬುಟ್ಟಿ ಎಡಗೈಯಿಂದ ಬಲಗೈಗೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಮುಖದಲ್ಲಿ ಆಯಾಸ ಕಂಡ ಟೇಕ್ ಇಟ್ಟುಕೊಳ್ಳಿ.

ಕೊನೆಗೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು: ಇನ್ನೊಂದು ಸಲ ಮಾಡಿ ಅಕ್ಕ ಅಂತ ನೀವು ನಿಲ್ಲಿಸಿದಷ್ಟೂ ಅವರ ಕೆಜಿ ಕಮ್ಮಿಯಾಗುತ್ತದೆ. ಅವತ್ತಿನ ಕೂಲಿ ಎಷ್ಟು ಅಂತ ಕೇಳಿ, ಶೂಟಿಂಗ್ ಶುರುವಾಗುವ ಮೊದಲೇ ಕೈಗೆ ಕೊಟ್ಟುಬಿಡಿ. ಎಡಿಟ್ ಆದಮೇಲೆ ಬೇರೆಯವರಿಗೆ ತೋರಿಸುವ ಮೊದಲು ಅವರಿಗೆ ತೋರಿಸಿ. ಬೇಡ ಅಂದ ಜಾಗ ತೆಗೆಯಿರಿ.

ಸೋಮವಾರಪೇಟೆಯಿಂದ
ತೂಕದ ದೃಶ್ಯ ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್. ತೋಟದವರನ್ನೂ ಕೇಳಬೇಕಾ?

ಗೋಣಿಕೊಪ್ಪಲಿನಿಂದ
ಕೇಳಲೇಬೇಕು, ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಮೊದಲು ಅಕ್ಕನನ್ನು ಕೇಳಿ. ತೋಟದವರು ಒಪ್ಪಿದ ಮೇಲೆ ಕೇಳಿದರೆ, ಅಕ್ಕನಿಗೆ 'ಆಗಲ್ಲ' ಅನ್ನುವುದು ಕಷ್ಟ.