ಜೆಸಿಬಿ ಹೊಡೆಸಿದ ಜಾಗದಲ್ಲಿ ಗಿಡ ಏಳುತ್ತಿಲ್ಲ, ಮಣ್ಣಿಗೆ ಏನು ಮಾಡಲಿ?

ಕೇಳಿದವರು, ಮಡಿಕೇರಿ ಹತ್ತಿರ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಮನೆ ಪಕ್ಕ ಕಾಲು ಎಕರೆ ಇಳಿಜಾರು ಜಾಗ ಇತ್ತು. ಎರಡು ವರ್ಷದ ಹಿಂದೆ ಜೆಸಿಬಿ ತರಿಸಿ ಮಟ್ಟ ಮಾಡಿಸಿದೆ. ಒಂದಷ್ಟು ಕಾಫಿ ಗಿಡ, ನಾಲ್ಕು ಕಿತ್ತಳೆ, ಮನೆ ಖರ್ಚಿಗೆ ತರಕಾರಿ ಹಾಕಿದ್ದೇನೆ. ಗಿಡ ಸಾಯುತ್ತಿಲ್ಲ, ಆದರೆ ಏಳುತ್ತಲೂ ಇಲ್ಲ. ಎಲೆ ಹಳದಿ. ಎರಡು ಸಲ ಗೊಬ್ಬರ ಕೊಟ್ಟೆ, ಏನೂ ಆಗಲಿಲ್ಲ. ಬೇಲಿ ಆಚೆ ಪಕ್ಕದವರ ತೋಟ ಮಾತ್ರ ಕಡು ಹಸಿರು. ನೋಡಿದರೆ ಎರಡೂ ಕಡೆ ಅದೇ ಕೆಂಪು ಮಣ್ಣು. ಹೊರಗಿನಿಂದ ಲೋಡು ಮಣ್ಣು ತರಿಸಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸುಂಟಿಕೊಪ್ಪ ಕಡೆಯಿಂದ

ಅಣ್ಣಾ, ಈಗಲೇ ಲೋಡು ಮಣ್ಣು ತರಿಸಬೇಡಿ. ಮೊದಲು ಗುದ್ದಲಿ ತಗೊಂಡು ನಿಮ್ಮ ಜಾಗದಲ್ಲಿ ಒಂದೂವರೆ ಅಡಿ ಗುಂಡಿ ತೆಗೆಯಿರಿ. ಪಕ್ಕದವರನ್ನು ಕೇಳಿ ಅವರ ಕಾಫಿ ಸಾಲಿನ ಮಧ್ಯೆಯೂ ಒಂದು ತೆಗೆಯಿರಿ. ಎರಡೂ ಗುಂಡಿಯ ಗೋಡೆ ನೋಡಿ. ಅವರ ಕಡೆ ಮೇಲೆ ತರಗೆಲೆ, ಅದರ ಕೆಳಗೆ ಒಂದು ಗೇಣು ಕಪ್ಪು ಕಂದು ಮಣ್ಣು, ಅದರ ತುಂಬ ನೂಲಿನಂಥ ಬೇರು, ಆಮೇಲೆ ಕೆಂಪು. ನಿಮ್ಮ ಕಡೆ ಮೇಲಿಂದಲೇ ಕೆಂಪು ಇರುತ್ತದೆ ಅಂತ ನನ್ನ ಅಂದಾಜು.

ಇದು ನನಗೆ ಗೊತ್ತಾಗಿದ್ದು ನಷ್ಟ ಮಾಡಿಕೊಂಡ ಮೇಲೆ. 2011ರಲ್ಲಿ ಕಾಫಿ ಒಣಗಿಸುವ ಕಣಕ್ಕೆ ಅಂತ ಜಾಗ ಮಟ್ಟ ಮಾಡಿಸಿ, ಉಳಿದ ಅರ್ಧ ಎಕರೆಗೆ ರೋಬಸ್ಟಾ ಕಾಫಿ ಇಟ್ಟೆ. ಮೇಲ್ಮಣ್ಣೆಲ್ಲ ಕೆಳಗಿನ ಅಂಚಿಗೆ ಹೋಗಿ ಬಿದ್ದಿತ್ತು. ಮೂರು ವರ್ಷ ಆದಾಗ ಆ ಅಂಚಿನಲ್ಲಿದ್ದ ಹನ್ನೆರಡು ಗಿಡ ನನ್ನ ಎದೆಯ ಎತ್ತರ. ಮೇಲೆ ಕಡಿದ ಜಾಗದಲ್ಲಿದ್ದವು ಮೊಣಕಾಲು ದಾಟಿರಲಿಲ್ಲ. ಒಂದೇ ನರ್ಸರಿಯ ಗಿಡ, ಒಂದೇ ಗೊಬ್ಬರ, ಒಂದೇ ಮಳೆ.

ನಮ್ಮ ಮಣ್ಣಿನ ಕೆಂಪು ಅಂದರೆ ಕಬ್ಬಿಣದ ತುಕ್ಕು. ಅದು ಶಕ್ತಿಯ ಬಣ್ಣ ಅಲ್ಲ. ಸಾವಿರಾರು ವರ್ಷದ ಮಳೆ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ತೊಳೆದು ಇಳಿಸಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ, ನಯವಾದ ಜೇಡಿ. ವಿಜಯಪುರ, ಧಾರವಾಡದ ಕಡೆ ಎರೆಮಣ್ಣಿನಲ್ಲಿ ಜೇಡಿಯೇ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಜೇಡಿಗೆ ಆ ಶಕ್ತಿ ತುಂಬ ಕಡಿಮೆ. ಇಲ್ಲಿ ಮುಖ್ಯವಾಗಿ ಹಿಡಿದಿಡುವುದು ಕೊಳೆತ ಎಲೆಯ ಕಪ್ಪು ಅಂಶ. ಅದು ಇರುವುದು ಮೇಲಿನ ಒಂದು ಗೇಣಿನಲ್ಲಿ. ಆ ಗೇಣು ಹೋದ ಮೇಲೆ ನೀವು ಹಾಕಿದ ಸಾರಜನಕ, ಪೊಟ್ಯಾಷ್ ಮಳೆ ನೀರಿನ ಜೊತೆ ತೋಡು (ಹಳ್ಳ) ಸೇರುತ್ತದೆ. ರಂಜಕ ಹೋಗುವುದಿಲ್ಲ, ಆದರೆ ಕಬ್ಬಿಣ ಅದನ್ನು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ.

ಇನ್ನೊಂದು ವಿಷಯ. ಒಳ್ಳೆ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಬರೀ ಸಂದು. ಅದರಲ್ಲಿ ಒಂದಷ್ಟು ನೀರು, ಒಂದಷ್ಟು ಗಾಳಿ. ಜೆಸಿಬಿ ಓಡಾಡಿದ ಜಾಗದಲ್ಲಿ ಆ ಸಂದೆಲ್ಲ ಅಮುಕಿ ಹೋಗಿರುತ್ತದೆ. ಬೇರಿಗೂ ಉಸಿರು ಬೇಕಲ್ವಾ?

ನಾನು ಮಾಡಿದ್ದು ಹೇಳುತ್ತೇನೆ. ಸಾಲಿನ ಮಧ್ಯೆ ತೊಟ್ಟಿಲು ಗುಂಡಿ (ಮಳೆ ನೀರು ನಿಂತು ಇಂಗುವ ಉದ್ದನೆಯ ಗುಂಡಿ) ತೋಡಿಸಿ ಕಳೆ, ಸೊಪ್ಪು, ತರಗು ಎಲ್ಲ ಅದಕ್ಕೆ ತುಂಬಿದೆ. ಹಾಲವಾಣ, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ನೆಟ್ಟೆ. ಎರಡಕ್ಕೂ ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ಗುಣ ಇದೆ. ವರ್ಷಕ್ಕೆ ಎರಡು ಸಲ ಸೊಪ್ಪು ಕಡಿದು ಬುಡಕ್ಕೆ ಹಾಕಿದೆ. ಖಾಲಿ ಇದ್ದ ಕಡೆ ಹುರುಳಿ, ಅಲಸಂದೆ ಚೆಲ್ಲಿ ಹೂ ಬರುವಾಗ ಮಣ್ಣಿಗೆ ಸೇರಿಸಿದೆ. ಕಾಫಿ ಸಿಪ್ಪೆಯನ್ನು ಸಗಣಿ ಜೊತೆ ಚೆನ್ನಾಗಿ ಕೊಳೆಸಿ ಕೊಟ್ಟೆ. ಕಸಕ್ಕೆ ಬೆಂಕಿ ಹಾಕುವುದನ್ನು ಪೂರ್ತಿ ನಿಲ್ಲಿಸಿದೆ. ನಾಲ್ಕನೇ ವರ್ಷ ಎರೆಹುಳ ಕಂಡಿತು. ನನಗೆ ಆ ದಿನ ಫಸಲು ಬಂದಷ್ಟೇ ಖುಷಿ ಆಯಿತು.

ಕುಶಾಲನಗರದಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಇಡೀ ಕೊಡಗಿಗೆ ಒಂದೇ ಮಣ್ಣು ಅಂದುಕೊಳ್ಳಬೇಡಿ. ನಮ್ಮ ಕಡೆ ಮಳೆ ಮಡಿಕೇರಿಯ ಅರ್ಧವೂ ಇಲ್ಲ. ಮಣ್ಣಿನಲ್ಲಿ ಮರಳು ಜಾಸ್ತಿ. ನಮ್ಮ ಸಮಸ್ಯೆ ನೀರು ನಿಲ್ಲದಿರುವುದು. ನಾನು ಕೆರೆಗೋಡು (ಕೆರೆಯ ಹೂಳು) ಹೊಡೆಸಿ ಸರಿ ಮಾಡಿಕೊಂಡೆ.

ನಿಮ್ಮದು ಯಾವ ಮಣ್ಣು ಅಂತ ಮನೆಯಲ್ಲೇ ನೋಡಬಹುದು. ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಭಾಗ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಮೇಲೆ ನುಣುಪು ಮಣ್ಣು. ಜೇಡಿ ಕೂರಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಮೇಲೆ ತೇಲುವ ಕಪ್ಪು ಚೂರು ಎಲೆ, ಬೇರಿನದು. ಮೂರೂ ಪದರ ಸ್ಕೇಲಿನಲ್ಲಿ ಅಳೆದರೆ ಅಂದಾಜು ಸಿಗುತ್ತದೆ.

ಗೋಣಿಕೊಪ್ಪದಿಂದ

ಸುಣ್ಣದ ಮಾತು ಯಾರೂ ಎತ್ತಲಿಲ್ಲ. ಜಾಸ್ತಿ ಮಳೆ ಬೀಳುವ ಕಡೆ ಮಣ್ಣು ಹುಳಿ ಆಗುತ್ತದೆ, ಆ ಹುಳಿ ಇಳಿಸುವುದು ಸುಣ್ಣ. ಕಾಫಿಗೆ ಪಿಎಚ್ (ಹುಳಿಯ ಅಳತೆ) 6ರಿಂದ 6.5 ಇದ್ದರೆ ಚೆನ್ನ. 5 ಅಂದರೆ 6ಕ್ಕಿಂತ ಹತ್ತು ಪಟ್ಟು ಹುಳಿ. 5.5ಕ್ಕಿಂತ ಕೆಳಗೆ ಹೋದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಹಾಳು ಮಾಡುತ್ತದೆ. ಬೇರು ಮೊಂಡಾಗುತ್ತದೆ. ಆಗ ಎಷ್ಟು ಗೊಬ್ಬರ ಕೊಟ್ಟರೂ ಗಿಡಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ನಿಮ್ಮದು ಇದೂ ಇರಬಹುದು.

ಸುಮ್ನೆ ಅಂದಾಜಿಗೆ ಸುಣ್ಣ ಸುರಿಯಬೇಡಿ. ಮಣ್ಣು ಪರೀಕ್ಷೆ ಮಾಡಿಸಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಮಾದರಿ ತೆಗೆಯುವುದರಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಮೇಲಿನ ಎಲೆ ಸರಿಸಿ, ಒಂಬತ್ತು ಇಂಚು ಆಳಕ್ಕೆ ವಿ ಆಕಾರದ ಗುಂಡಿ ತೆಗೆದು, ಅದರ ಗೋಡೆಯಿಂದ ಮೇಲಿಂದ ಕೆಳತನಕ ಒಂದೇ ದಪ್ಪದ ಹೋಳು ಕೊಯ್ಯಬೇಕು. ಹತ್ತು ಹದಿನೈದು ಕಡೆಯಿಂದ ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಕೊಡಿ. ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಆಗಿರಬೇಕು. ಸಗಣಿ ಗುಂಡಿ ಪಕ್ಕದ ಮಣ್ಣು ಬೇಡ.

ಸುಣ್ಣ ಹಾಕುವುದಾದರೆ ಮಳೆ ಹಿಂದೆ ಸರಿದ ಮೇಲೆ, ತುಲಾ ಸಂಕ್ರಮಣದ ಆಸುಪಾಸು, ಮಣ್ಣಿನಲ್ಲಿ ಹಸಿ ಇರುವಾಗ ಹಾಕಿ. ಹಳೆ ಎಲೆ ನರದ ಮಧ್ಯೆ ಹಳದಿ ಆಗಿದ್ದರೆ ಡಾಲಮೈಟ್ ಸುಣ್ಣ ಒಳ್ಳೆಯದು, ಅದರಲ್ಲಿ ಮೆಗ್ನೀಸಿಯಂ ಇದೆ. ಯೂರಿಯಾ ಜೊತೆ ಮಾತ್ರ ಸುಣ್ಣ ಸೇರಿಸಬೇಡಿ. ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಮಧ್ಯೆ ಕೆಲವು ವಾರ ಬಿಡಿ.

ನಾಪೋಕ್ಲು ಕಡೆಯಿಂದ

ಗದ್ದೆ ಮಣ್ಣು ಹೊಡೆಸುವ ಯೋಚನೆ ಇದ್ದರೆ ಒಂದು ಮಾತು. ಅದು ಬೂದು ಬಣ್ಣದ ಜೇಡಿ, ಒಣಗಿದರೆ ಕಲ್ಲು. ಗುಡ್ಡದಿಂದ ಇಳಿದ ಕಬ್ಬಿಣವೂ ಅದರಲ್ಲಿ ಜಾಸ್ತಿ. ನಮ್ಮ ಗದ್ದೆ ಮೂಲೆಯಲ್ಲಿ ನೀರಿನ ಮೇಲೆ ಎಣ್ಣೆ ತೇಲಿದ ಹಾಗೆ ಪದರ ಕಟ್ಟುತ್ತದೆ. ಕಡ್ಡಿಯಲ್ಲಿ ಚುಚ್ಚಿದರೆ ಗಾಜಿನ ಹಾಗೆ ಒಡೆದು ಚೂರಾಗುತ್ತದೆ. ಎಣ್ಣೆ ಆಗಿದ್ದರೆ ಮತ್ತೆ ಕೂಡಿಕೊಳ್ಳಬೇಕಿತ್ತು. ಅದು ಕಬ್ಬಿಣದ ಪದರ. ಭತ್ತಕ್ಕೆ ನಿಂತ ನೀರು ಒಗ್ಗುತ್ತದೆ, ಕಾಫಿಗೆ ಕಿತ್ತಳೆಗೆ ಒಗ್ಗುವುದಿಲ್ಲ.

ಮಕ್ಕಂದೂರು ಕಡೆಯಿಂದ

ಸುಂಟಿಕೊಪ್ಪದ ಅಣ್ಣ ಹೇಳಿದ ತೊಟ್ಟಿಲು ಗುಂಡಿ ಒಳ್ಳೆಯದೇ. ಆದರೆ ಮನೆ ಹಿಂದೆ ಜೆಸಿಬಿ ನೇರ ಕಡಿದ ಬರೆ (ಮಣ್ಣಿನ ಗೋಡೆ) ಇದ್ದರೆ ಅದರ ಮೇಲ್ಭಾಗದಲ್ಲಿ ನೀರು ನಿಲ್ಲುವ ಗುಂಡಿ ತೋಡಲೇಬೇಡಿ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರಿಗೂ ಗೊತ್ತು. ನೀರು ಕುಡಿದ ಮಣ್ಣಿನ ಭಾರ, ಅಡಿಯಲ್ಲಿ ಆಧಾರ ಇಲ್ಲ. ಅಲ್ಲಿ ನೀರು ಪಕ್ಕಕ್ಕೆ ಹರಿದು ಹೋಗುವ ಚರಂಡಿ ಬೇಕು, ಬರೆಗೆ ಹುಲ್ಲು ಬೇಕು. ನಮ್ಮ ತೋಟ ಜಾರಿ ಹೋದ ಜಾಗದಲ್ಲಿ ಮೊದಲ ಎರಡು ವರ್ಷ ಹುಲ್ಲು ಬಿಟ್ಟು ಏನೂ ಬರಲಿಲ್ಲ. ಆ ಹುಲ್ಲನ್ನು ನಾವು ಕೀಳಲಿಲ್ಲ. ಅದೇ ಮಣ್ಣು ಹಿಡಿದಿದ್ದು.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬ ಧನ್ಯವಾದ. ಭಾನುವಾರ ಎರಡೂ ಗುಂಡಿ ತೆಗೆದೆ. ಪಕ್ಕದವರ ಕಡೆ ಮುಕ್ಕಾಲು ಅಡಿ ಕಪ್ಪು ಮಣ್ಣು, ಕೈಯಲ್ಲಿ ಹಿಂಡಿದರೆ ಪುಡಿಪುಡಿ. ನನ್ನ ಕಡೆ ಮೇಲಿಂದ ತಳದವರೆಗೆ ಇಟ್ಟಿಗೆ ಬಣ್ಣ. ಎರಡಕ್ಕೂ ಒಂದೊಂದು ಚೊಂಬು ನೀರು ಸುರಿದೆ. ಅವರದು ನಾನು ಒಳಗೆ ಹೋಗಿ ಬನಿಯನ್ ಬದಲಿಸಿ ಬರುವಷ್ಟರಲ್ಲಿ ಇಂಗಿತ್ತು. ನನ್ನದು ಊಟ ಮುಗಿಸಿ ಬಂದಾಗಲೂ ತಳದಲ್ಲಿ ನಿಂತಿತ್ತು. ಮಾದರಿ ತೆಗೆದು ಒಣಗಿಸಲು ಇಟ್ಟಿದ್ದೇನೆ. ಮೇಲಿನ ಬರೆಗೆ ಗುಂಡಿ ತೋಡುವುದಿಲ್ಲ, ಚರಂಡಿ ಮಾಡಿಸುತ್ತೇನೆ.

ಜೆಸಿಬಿಯವರು ಆವತ್ತು ಮೇಲ್ಮಣ್ಣು ಎಲ್ಲಿಗೆ ತಳ್ಳಿದ್ದು ಅಂತ ಅಮ್ಮನನ್ನು ಕೇಳಿದೆ. ಕೆಳಗೆ ತೋಡಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲಿ ಕೆಸು ಸೊಂಟದ ಎತ್ತರ ಬೆಳೆದು ನಿಂತಿದೆ. ಕಿತ್ತು ನೋಡಿದರೆ ಬುಡದಲ್ಲಿ ಅದೇ ಕಪ್ಪು ಮಣ್ಣು. ಬುಧವಾರ ಇಬ್ಬರು ಆಳು ಬರುತ್ತಾರೆ, ಬುಟ್ಟಿಯಲ್ಲಿ ಹೊತ್ತು ಮೇಲೆ ತರುತ್ತೇವೆ. ಮೊದಲು ಕಿತ್ತಳೆ ಬುಡಕ್ಕೆ.