ಮಾಲೀಕರೇ ಕಿರುಕುಳ ಕೊಟ್ಟರೆ ದೂರು ಯಾರಿಗೆ? ಅನುಭವ ಇದ್ದವರು ಹೇಳಿ

ಕೇಳಿದವಳು: ಅಕ್ಕಂದಿರೇ, ದಾವಣಗೆರೆಯಲ್ಲಿ ಲೆಕ್ಕಪತ್ರ ಬರೆಯುವ ಸಣ್ಣ ಆಫೀಸಿನಲ್ಲಿದ್ದೇನೆ. ನಾವು ಆರೇ ಜನ. ಮಾಲೀಕರು ಫೈಲ್ ಕೊಡುವ ನೆಪದಲ್ಲಿ ಕೈ ಮುಟ್ಟುವುದು, ರಾತ್ರಿ ವಾಟ್ಸಾಪ್‌ನಲ್ಲಿ ಅಸಹ್ಯ ಮೆಸೇಜ್ ಕಳಿಸುವುದು ಶುರುವಾಗಿ ಎರಡು ತಿಂಗಳಾಯಿತು. ಹೋದ ತಿಂಗಳು 18ಕ್ಕೆ ಕ್ಯಾಬಿನ್ ಬಾಗಿಲು ಹಾಕಿ ಸೊಂಟ ಹಿಡಿದರು. ಅಮ್ಮನಿಗೆ ಮಾತ್ರ ಹೇಳಿದ್ದೇನೆ. ‘ಸುಮ್ಮನೆ ಕೆಲಸ ಬಿಟ್ಟು ಬಾ, ಮದುವೆ ಮಾತುಕತೆ ನಡೀತಿದೆ’ ಅಂತಾಳೆ. ನಮ್ಮಲ್ಲಿ ಕಮಿಟಿ ಅಂತ ಏನೂ ಇಲ್ಲ. ದೂರು ಕೊಟ್ಟರೆ ಹೆಸರು ಹೊರಗೆ ಬರುತ್ತಾ? ವಕೀಲರಿಗೆ ಕೊಡಲು ನನ್ನ ಹತ್ತಿರ ದುಡ್ಡಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರ್ತಿ: ನನಗೆ ಲೈನ್ ಸೂಪರ್‌ವೈಸರ್ ಕಾಟ ಕೊಡುತ್ತಿದ್ದ. ಫ್ಯಾಕ್ಟರಿಯ ಆಂತರಿಕ ಸಮಿತಿಗೆ ಬರೆದುಕೊಟ್ಟೆ. ಆಫೀಸಿನವರು ಕರೆದು ‘ಇಪ್ಪತ್ತು ಸಾವಿರ ಕೊಡಿಸ್ತೀವಿ, ರಾಜಿ ಮಾಡ್ಕೊ’ ಅಂದರು. ಸಮಿತಿಯಲ್ಲಿ ಹೊರಗಿನಿಂದ ಬಂದ ಒಬ್ಬ ಮೇಡಂ ಇದ್ದರು, ಹಾಗೆ ಒಬ್ಬರು ಇರಲೇಬೇಕಂತೆ. ಅವರೇ ತಡೆದರು. ರಾಜಿ ಬೇಕು ಅಂತ ಹೆಣ್ಣುಮಗಳೇ ಕೇಳಬೇಕು, ಅದೂ ದುಡ್ಡಿನ ಮೇಲೆ ಆಗೋ ಹಾಗಿಲ್ಲ ಅಂತ ನನ್ನ ಎದುರಿಗೇ ಹೇಳಿದರು. ವಿಚಾರಣೆ ಮುಗಿಯುವವರೆಗೆ ಅವನನ್ನು ಬೇರೆ ಕಡೆ ಹಾಕಿಸಿದರು. ನಾನು ಮಾಡಿದ ಒಂದೇ ತಪ್ಪು, ಗಂಡ ನೋಡಿಬಿಟ್ಟಾನು ಅಂತ ಅವನ ಮೆಸೇಜ್‌ಗಳನ್ನೆಲ್ಲ ಅಳಿಸಿದ್ದು. ನೀನು ಒಂದನ್ನೂ ಅಳಿಸಬೇಡ ತಂಗಿ.

ಕ್ಲಿನಿಕ್‌ನಲ್ಲಿದ್ದವಳು: ಗಾರ್ಮೆಂಟ್ಸ್ ಅಕ್ಕ ಹೇಳಿದ್ದು ಸರಿ, ಆದರೆ ಆಂತರಿಕ ಸಮಿತಿ ಹತ್ತು ಅಥವಾ ಹೆಚ್ಚು ಜನ ಇರುವ ಕಡೆಗೆ. ನಿನ್ನಲ್ಲಿ ಆರು ಜನ, ಮೇಲಾಗಿ ದೂರು ಮಾಲೀಕನ ಮೇಲೆ. ನನ್ನದೂ ಹಾಗೇ ಇತ್ತು. ನಾಲ್ಕು ಜನರ ಕ್ಲಿನಿಕ್, ಕೈ ಹಾಕಿದ್ದು ಡಾಕ್ಟರೇ. ಇಂಥವಕ್ಕೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲೇ ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಸಮಿತಿ ಇರಬೇಕು ಅಂತಿದೆ. ಮನೆಗೆಲಸದವರೂ ಅಲ್ಲಿಗೇ ಹೋಗಬಹುದು. ಇದು ಎಷ್ಟು ಜನಕ್ಕೆ ಗೊತ್ತಿಲ್ಲ ಅಂದರೆ, ನಾನು ಹೋದ ಸರ್ಕಾರಿ ಕಚೇರಿಯ ಮೊದಲ ಮೇಜಿನವರೇ ‘ಸ್ಟೇಷನ್ನಿಗೆ ಹೋಗಮ್ಮ’ ಅಂದರು. ಎರಡು ಸಲ ವಾಪಸ್ ಬಂದೆ. ಮೂರನೇ ಸಲ ಕಾಯ್ದೆಯ ಪ್ರಿಂಟ್ ತೆಗೆದುಕೊಂಡು ಹೋದ ಮೇಲೆ ಅರ್ಜಿ ಹಿಡಿದರು. ನೀನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ‘ಸ್ಥಳೀಯ ಸಮಿತಿ’ ಅಂತ ಹೆಸರು ಹಿಡಿದೇ ಕೇಳು. ದೂರಿನ ಆರು ಪ್ರತಿ ಬೇಕು, ಏಳನೆಯದು ನಿನಗೆ. ಅದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡ.

ಇನ್ನೊಂದು, ಇದು ತುಂಬಾ ಮುಖ್ಯ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಡವಾಗಿದ್ದಕ್ಕೆ ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಆದರೆ ಅದನ್ನು ನಂಬಿ ಕೂರಬೇಡ. ನಾನು ಹಿರಿಯರು ಮಾತಾಡ್ತಾರೆ ಅಂತ ಕಾದು ಎಂಬತ್ತು ದಿನ ಕಳೆದಿದ್ದೆ. ಆಮೇಲೆ ಓಡಾಡಿದ್ದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಕೆಲಸ ಬಿಟ್ಟರೂ ದೂರು ಕೊಡುವ ಹಕ್ಕು ಹೋಗುವುದಿಲ್ಲ. ಆದರೆ ರಾಜೀನಾಮೆಯಲ್ಲಿ ‘ವೈಯಕ್ತಿಕ ಕಾರಣ’ ಅಂತ ಮಾತ್ರ ಬರೆಯಬೇಡ. ನಾನು ಬರೆದಿದ್ದೆ. ಆ ಒಂದು ಸಾಲನ್ನೇ ಡಾಕ್ಟರು ಸಮಿತಿಯ ಮುಂದೆ ಓದಿದರು. ಕೊನೆಗೆ ನನ್ನ ಪರವಾಗಿ ವರದಿ ಬಂತು, ಆದರೆ ಆ ಸಾಲಿಗೆ ವಿವರಣೆ ಕೊಡುತ್ತಾ ಅರ್ಧ ದಿನ ಅಳುತ್ತಿದ್ದೆ.

ಕಾನೂನು ನೆರವಿನ ವಕೀಲೆ: ದುಡ್ಡಿನ ಚಿಂತೆ ಬಿಡಮ್ಮ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಕೋರ್ಟ್ ಆವರಣದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗು, ಇಲ್ಲ 15100ಕ್ಕೆ ಫೋನ್ ಮಾಡು. ಸಮಿತಿಯ ಒಳಗೆ ಎರಡೂ ಕಡೆಯವರಿಗೆ ವಕೀಲರು ನಿಲ್ಲುವ ಹಾಗಿಲ್ಲ, ಆದರೆ ದೂರು ಬರೆಯಲು ನಾವು ಸಹಾಯ ಮಾಡಬಹುದು.

ಹೆಸರಿನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸಮಿತಿಗೆ ಕೊಟ್ಟ ದೂರನ್ನು, ನಿನ್ನ ಗುರುತನ್ನು ಯಾರೂ ಪತ್ರಿಕೆಗೆ, ಸಾರ್ವಜನಿಕರಿಗೆ ಹೇಳುವಂತಿಲ್ಲ. ಆದರೆ ಆತನಿಗೆ ಗೊತ್ತಾಗುತ್ತದೆ, ದೂರಿನ ಪ್ರತಿ ಆತನ ಕೈಗೇ ಹೋಗುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರೊಳಗೆ ಆಫೀಸಿಗೆ ಹೋಗಲು ಭಯವಾದರೆ ಮೂರು ತಿಂಗಳವರೆಗೆ ರಜೆ ಕೊಡಿಸಿ ಎಂದು ಬರವಣಿಗೆಯಲ್ಲೇ ಕೇಳು, ನಿನ್ನ ಲೆಕ್ಕದ ರಜೆಯಿಂದ ಅದನ್ನು ಕಳೆಯುವುದಿಲ್ಲ. ಸಾಕ್ಷಿ ಸಾಲದೆ ದೂರು ಸಾಬೀತಾಗದಿದ್ದರೆ ಅಷ್ಟಕ್ಕೇ ‘ಸುಳ್ಳು ದೂರು’ ಅಂತ ನಿನ್ನ ಮೇಲೆ ಕ್ರಮ ಆಗುವುದಿಲ್ಲ. ಇದನ್ನು ಹೇಳಿ ಹೆದರಿಸುವವರು ಬಹಳ.

ಪೊಲೀಸ್ ದಾರಿ ಬೇರೆ, ಎರಡನ್ನೂ ಒಟ್ಟಿಗೆ ಹಿಡಿಯಬಹುದು. ಸೊಂಟ ಹಿಡಿದಿದ್ದು ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿಗೆ ಬರುತ್ತದೆ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತ. ‘ನಮ್ಮ ಠಾಣೆ ವ್ಯಾಪ್ತಿ ಅಲ್ಲ’ ಎಂದರೆ ಝೀರೋ ಎಫ್‌ಐಆರ್, ಅಂದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್, ಹಾಕಿ ಎನ್ನು. ಅದಕ್ಕೂ ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸು. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಇದ್ದರೂ ಮೂಲ ಫೋನ್ ಇಟ್ಟುಕೋ, ಮಾರಬೇಡ, ರೀಸೆಟ್ ಮಾಡಬೇಡ.

ಗದಗಿನ ತಾಯಿ: ನಿಮ್ಮವ್ವ ಅಂದಂಗ ನಾನೂ ನನ್ನ ಮಗಳಿಗೆ ಅಂದಿದ್ದೆ. ಕೆಲಸ ಬಿಡಿಸಿದೆ, ಲಗ್ನಾನೂ ಮಾಡಿದೆ. ಆಕಿ ಒಂದ ದಿನ ಅಂದ್ಳು, ‘ಅವ್ವಾ, ಅವತ್ತ ನೀ ನನ್ನ ಕೂಡ ಬಂದಿದ್ರ ಸಾಕಾಗಿತ್ತು.’ ಅದಕ್ಕ ನಿಮ್ಮವ್ವಗ ಇದನ್ನ ಓದಿ ಹೇಳವ್ವ.

ಕೇಳಿದವಳು: ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಗದಗಿನ ಅಮ್ಮನ ಮಾತು ಬಂದಾಗ ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೆ ಬಡಿಸುವಾಗ ‘ಸೋಮವಾರ ನಾನೂ ಬರ್ತೀನಿ’ ಅಂದಳು. ಈಗ ತಾರೀಖು ಹಾಕಿ ಬರೆಯಲು ಕೂತಿದ್ದೇನೆ. ಮೊದಲ ಸಲ ಕೈ ಹಿಡಿದ ದಿನ ಸರಿಯಾಗಿ ನೆನಪಾಗುತ್ತಿಲ್ಲ. ಅಂದಾಜು ಬರೆಯಬಹುದಾ?

ಕ್ಲಿನಿಕ್‌ನಲ್ಲಿದ್ದವಳು: ಬರಿ, ಮುಂದೆ ‘ಸುಮಾರು’ ಅಂತ ಸೇರಿಸು. ಅವತ್ತು ಯಾವ ಫೈಲ್ ಮುಂದಿತ್ತು ಅಂತ ಯೋಚಿಸು. ಜಿಎಸ್‌ಟಿ ರಿಟರ್ನ್ ಹಾಕಿದ ದಿನವಾಗಿದ್ದರೆ ತಾರೀಖು ಅದರಲ್ಲೇ ಸಿಗುತ್ತದೆ.