ಭಾನುವಾರದ ವಿಮಾನ ಪ್ರದರ್ಶನ: ನಮ್ಮ ನಿಲುವು ಏನು?

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಹಳೆಯ ರನ್‌ವೇ ಗಲಾಟೆಯ ಬಗ್ಗೆ ಒಬ್ಬೊಬ್ಬರಿಗೂ ಫೋನಿನಲ್ಲಿ ಉತ್ತರ ಹೇಳಿ ಗಂಟಲು ಒಣಗಿದೆ, ಇನ್ನು ಇಲ್ಲೇ ಮಾತನಾಡೋಣ. ಹೊಸದಾಗಿ ಬಾಡಿಗೆಗೆ ಬಂದವರಿಗಾಗಿ ಎರಡು ಮಾತು. ಹವ್ಯಾಸಿಗಳ ತಂಡವೊಂದು ಪುಷ್ಪಕ್ ಎಂಬ ಹಳೆಯ ತರಬೇತಿ ವಿಮಾನವನ್ನು ರಿಪೇರಿ ಮಾಡಿ ಲಾರಿಯಲ್ಲಿ ತಂದು ಇಲ್ಲಿ ಇಟ್ಟಿದೆ. ಭಾನುವಾರ ಬೆಳಿಗ್ಗೆ ಅದರ ಎಂಜಿನ್ ಚಾಲೂ ಮಾಡಿ ರನ್‌ವೇ ಮೇಲೆ ಓಡಿಸುತ್ತಾರೆ, ಹಾರಿಸುವುದಿಲ್ಲ. ಹಾರುವುದು ರಿಮೋಟ್ ಹಿಡಿದು ನಡೆಸುವ ಸಣ್ಣ ಮಾದರಿಗಳು ಮಾತ್ರ. ಯಾರೋ ವಿಡಿಯೊ ಹಾಕಿದ ಮೇಲೆ ಜನ ಬೆಂಗಳೂರಿನಿಂದಲೂ ಬರುತ್ತಿದ್ದಾರೆ. ಬರುವ ಭಾನುವಾರದೊಳಗೆ ಒಂದು ತೀರ್ಮಾನ ಆಗಲೇಬೇಕು.

ಎರಡನೇ ಅಡ್ಡರಸ್ತೆ, ಮೂಲೆ ಮನೆ:
ತೀರ್ಮಾನ ಏನು ಬಂತು, ನಿಲ್ಲಿಸಬೇಕು ಅಷ್ಟೆ. ಮೊನ್ನೆ ನಮ್ಮ ಮಾವನವರಿಗೆ ಉಸಿರು ಕಟ್ಟಿದಾಗ 108ಕ್ಕೆ ಕರೆ ಮಾಡಿದೆವು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಆಲದ ಮರದ ತಿರುವಿನಲ್ಲೇ ನಿಂತಿತು. ಎರಡೂ ಬದಿ ಕಾರು. ಸಿಬ್ಬಂದಿ ಸ್ಟ್ರೆಚರನ್ನು ತಲೆಯ ಮಟ್ಟಕ್ಕೆ ಎತ್ತಿ ಕನ್ನಡಿಗಳ ನಡುವೆ ಓರೆಯಾಗಿ ನಡೆದು ಬಂದರು. ಒಂದು ಕಾರಿನ ಮಾಲೀಕ ಬಾನೆಟ್ ಮೇಲೆ ಮಗುವನ್ನು ಕೂರಿಸಿ ಫೋಟೊ ತೆಗೆಯುತ್ತಿದ್ದ. ಸರಿಯಪ್ಪ ಎಂದರೆ, "ಐದೇ ನಿಮಿಷ ಆಂಟಿ" ಎಂದ.

ರೈಲ್ವೆ ಗೇಟ್ ಕಡೆಯ ತೋಟದವರು:
ಅಕ್ಕ ಹೇಳಿದ್ದು ನಿಜ. ನನ್ನ ಟೊಮೆಟೊ ಟೆಂಪೊ ಕೂಡ ಅದೇ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಕೋಲಾರದ ಮಂಡಿಯಲ್ಲಿ ಹರಾಜು ಯಾರಿಗೂ ಕಾಯುವುದಿಲ್ಲ. ಹೊತ್ತು ಮೀರಿ ಹೋದರೆ ಅದೇ ಹಣ್ಣಿನ ಹದಿನೈದು ಕೆ.ಜಿ. ಬಾಕ್ಸಿಗೆ ಕೇಳುವ ದರವೇ ಬೇರೆ. ವಿಮಾನ ಬೇಡ ಎನ್ನುವವನು ನಾನಲ್ಲ. ರಸ್ತೆ ಬೇಕು.

ಹಾಲಿನ ಬೂತ್:
ಎಲ್ಲರೂ ಬೈಯುವಾಗ ನಾನು ಬಾಯಿ ಬಿಡಬಾರದು, ಆದರೂ ಹೇಳುತ್ತೇನೆ. ಭಾನುವಾರ ಮಜ್ಜಿಗೆ ಪ್ಯಾಕೆಟ್ ಒಂಬತ್ತು ಗಂಟೆಗೇ ಖಾಲಿ. ಪಕ್ಕದ ಇಡ್ಲಿ ಅಂಗಡಿಯ ಅಮ್ಮ ಎರಡನೇ ಒಲೆ ಕೊಂಡಿದ್ದಾರೆ. ಪೂರ್ತಿ ನಿಲ್ಲಿಸುವ ಮೊದಲು ಅವರನ್ನೂ ಒಂದು ಮಾತು ಕೇಳಿ.

ಪಾರ್ಕ್ ಎದುರು, ನಿವೃತ್ತ ಮೇಷ್ಟರು:
ಕಾರು, ಮಜ್ಜಿಗೆ ಎರಡೂ ಸರಿ. ಆದರೆ ಅಲ್ಲಿ ನಿಂತಿರುವುದು ಏನು ಎಂಬುದೂ ತಿಳಿದಿರಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆಯಿತ್ತು. ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರ್ ನಡೆಸಲು ವೈಮಾನಿಕರಿಗೆ ಇಲ್ಲಿ ತರಬೇತಿ ಕೊಡುತ್ತಿದ್ದರು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋದ ಅದೇ ಜಾತಿಯ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್ ದುರಸ್ತಿ ಮಾಡಿ ನಮ್ಮ ವಾಯುಪಡೆಗೆ ಕೊಟ್ಟಿತು, 1968ರವರೆಗೂ ಅವು ಸೇವೆಯಲ್ಲಿದ್ದವು. ಪುಷ್ಪಕ್ ಕೂಡ ಎಚ್‌ಎಎಲ್ ಕಟ್ಟಿದ್ದೇ. 1958ರಲ್ಲಿ ಮೊದಲು ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಪೈಲಟ್‌ಗಳು ಹಾರಲು ಕಲಿತದ್ದು ಅದರಲ್ಲಿ. ಇಂಥದ್ದು ಗುಜರಿಗೆ ಹೋಗದೆ ನಮ್ಮೂರಿನಲ್ಲಿ ಚಾಲೂ ಸ್ಥಿತಿಯಲ್ಲಿದ್ದರೆ ನಮಗೇಕೆ ಹೊಟ್ಟೆಯುರಿ?

ಎರಡನೇ ಅಡ್ಡರಸ್ತೆ, ಮೂಲೆ ಮನೆ:
ಹೊಟ್ಟೆಯುರಿಯಲ್ಲ ಮೇಷ್ಟರೇ, ಎದೆಯುರಿ. ನಿಮ್ಮ ಮನೆ ಪಾರ್ಕ್ ಎದುರಿಗಿದೆ, ಅಲ್ಲಿ ಯಾರೂ ಕಾರು ನಿಲ್ಲಿಸುವುದಿಲ್ಲ.

ಮೂರನೇ ಅಡ್ಡರಸ್ತೆ, ಮೇಲಿನ ಮಹಡಿ:
ನನ್ನ ದೂರು ವಿಮಾನದ ಮೇಲಲ್ಲ. ನೋಡಲು ಬರುವವರಲ್ಲಿ ಕೆಲವರು ಡ್ರೋನ್ ತರುತ್ತಾರೆ. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರೆ ನೀರಿನ ಟ್ಯಾಂಕಿನ ಎತ್ತರಕ್ಕೆ ಬಂದು ನಿಂತುಕೊಳ್ಳುತ್ತದೆ. ಇದಕ್ಕೆ ಕಾನೂನು ಏನೂ ಇಲ್ಲವೇ?

ಮೊದಲ ಮುಖ್ಯರಸ್ತೆ, ವಕೀಲರ ಮನೆ:
ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ (ಸರ್ಕಾರದ ನಕ್ಷೆಯಲ್ಲಿ ನಿರ್ಬಂಧವಿಲ್ಲವೆಂದು ಗುರುತಿಸಿದ ಜಾಗ) 400 ಅಡಿಯವರೆಗೆ ಹಾರಿಸಲು ಮುಂಚಿತ ಅನುಮತಿ ಬೇಕಿಲ್ಲ, ಹಾಗಾಗಿ ಹಾರಿಸುವುದೇ ತಪ್ಪು ಎಂದು ವಾದ ಮಾಡಬೇಡಿ, ಸೋಲುತ್ತೀರಿ. ಹೆಂಗಸರ ತಾರಸಿಯ ಮೇಲೆ ಕ್ಯಾಮೆರಾ ತಿರುಗಿಸುವುದು ಬೇರೆ ವಿಷಯ. ಡ್ರೋನ್ ಹಿಡಿದವನ ಫೋಟೊ, ಗಾಡಿಯ ನಂಬರ್, ಸಮಯ ಬರೆದಿಟ್ಟು 112ಕ್ಕೆ ಕರೆ ಮಾಡಿ. ಇನ್ನು ಮೈಕ್. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ಧ್ವನಿವರ್ಧಕಕ್ಕೆ ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ಎಂಜಿನ್ ಓಡುವುದು ಸ್ವಲ್ಪ ಹೊತ್ತು, ಆ ಮೈಕಿನವನ ವರ್ಣನೆ ಮಧ್ಯಾಹ್ನದವರೆಗೆ. ಅನುಮತಿ ಪತ್ರ ತೋರಿಸಿ ಎಂದು ಕೇಳಿದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಗಣಪತಿ ಗುಡಿ ಹಿಂದಿನ ಮನೆ:
ನಾನು ವಿಮಾನ ದುರಸ್ತಿ ಮಾಡಿಯೇ ನಿವೃತ್ತನಾದವನು. ನೀವೆಲ್ಲ ಕಾರಿನ ಬಗ್ಗೆ ಮಾತನಾಡುತ್ತಿದ್ದೀರಿ, ನನಗೆ ನಿದ್ದೆ ಬಾರದಿರುವುದು ಬೇರೆ ಕಾರಣಕ್ಕೆ. ಈ ಎಂಜಿನ್‌ಗೆ ಸ್ವಿಚ್ ಒತ್ತಿದರೆ ಚಾಲೂ ಆಗುವ ಸ್ಟಾರ್ಟರ್ ಇಲ್ಲ. ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ಎಳೆದು ತಿರುಗಿಸಬೇಕು. ಒಳಗೆ ಬ್ರೇಕ್ ಹಿಡಿದು ಒಬ್ಬರು ಕೂತಿರಬೇಕು, ಚಕ್ರಗಳಿಗೆ ಮರದ ಅಡ್ಡೆ ಕೊಟ್ಟಿರಬೇಕು. ಇಷ್ಟನ್ನೂ ಆ ಹುಡುಗರು ಸರಿಯಾಗಿಯೇ ಮಾಡುತ್ತಾರೆ, ನಿಂತು ನೋಡಿದ್ದೇನೆ. ಆದರೆ ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ, ಬಿಸಿಲಿನಲ್ಲಿ ಮಸುಕು ವೃತ್ತದಂತೆ ಇರುತ್ತದೆ ಅಷ್ಟೆ. ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ಮಕ್ಕಳು ಬಲೂನು ಹಿಡಿದು ಓಡಾಡುತ್ತಿದ್ದರು. ಬಲೂನು ಗಾಳಿಗೆ ಆ ಕಡೆ ಹೋದರೆ ಮಗು ಹಿಂದೆ ಓಡದೆ ಬಿಡುತ್ತದೆಯೇ?

ಇನ್ನೊಂದು. ಇಂಧನದ ಕ್ಯಾನ್ ಇಟ್ಟಿದ್ದ ಜಾಗದಿಂದ ಬಜ್ಜಿ ಬಂಡಿಯ ಒಲೆಗೆ ಒಂದು ಗೋಣಿಚೀಲದ ಅಡ್ಡವಷ್ಟೇ ಇತ್ತು. ರೆಕ್ಕೆಯೂ ತಗಡಲ್ಲ, ಚೌಕಟ್ಟಿನ ಮೇಲೆ ಬಿಗಿದು ಮೆರುಗು ಹಚ್ಚಿದ ಬಟ್ಟೆ. ಕಿಡಿ ತಾಗಿದರೆ ನೀರು ತರುವಷ್ಟು ಹೊತ್ತು ಇರುವುದಿಲ್ಲ. ಜನಕ್ಕೆ ಇದು ಗೊತ್ತಿಲ್ಲ, ಬೆರಳಿನಿಂದ ಚುಚ್ಚಿ ನೋಡುತ್ತಾರೆ. ಎಡಗಡೆಯ ರೆಕ್ಕೆಯ ತುದಿಯಲ್ಲಿ ಆಗಲೇ ತೇಪೆ ಬಿದ್ದಿದೆ.

ಹಾಲಿನ ಬೂತ್:
ಬಜ್ಜಿ ಬಂಡಿ ನಮ್ಮ ಭಾವಮೈದುನನದು. ಹೇಳಿ ಆ ಕಡೆಗೆ ತಳ್ಳಿಸುತ್ತೇನೆ.

ಸಂಘದ ಕಾರ್ಯದರ್ಶಿ:
ಗುಡಿ ಹಿಂದಿನ ಸರ್ ಬರೆದದ್ದನ್ನು ಎಲ್ಲರೂ ಇನ್ನೊಮ್ಮೆ ಓದಿ. ನಿಲ್ಲಿಸಬೇಕೇ ಬೇಡವೇ ಎಂದು ಜಗಳವಾಡುವ ಮೊದಲು ಆಗಬೇಕಾದ ಕೆಲಸ ಅದು. ತಂಡದ ಮುಖ್ಯಸ್ಥರೊಂದಿಗೆ ಈಗಷ್ಟೇ ಮಾತನಾಡಿದೆ. ಸೌಜನ್ಯದಿಂದಲೇ ಮಾತನಾಡಿದರು. ಜನ ಇಷ್ಟು ಬರುತ್ತಾರೆಂದು ಎಣಿಸಿರಲಿಲ್ಲವಂತೆ. ಶನಿವಾರ ಸಂಜೆ ಬರಲು ಒಪ್ಪಿದ್ದಾರೆ.

ಮೊದಲ ಮುಖ್ಯರಸ್ತೆ, ವಕೀಲರ ಮನೆ:
ಸೌಜನ್ಯ ಕಾಗದದ ಮೇಲೆ ಬರಲಿ. ರನ್‌ವೇ ಜಾಗದ ಪಹಣಿ ತೆಗೆಸಿ. ಸರ್ಕಾರಿ ಜಾಗವಾದರೆ ಬಳಸಲು ಯಾರು ಅನುಮತಿ ಕೊಟ್ಟರು ಎಂದು ತಹಶೀಲ್ದಾರರಿಗೆ ಅರ್ಜಿ, ಪ್ರತಿ ಪೊಲೀಸ್ ಠಾಣೆಗೆ. ಮನವಿ ಚಿಕ್ಕದಿರಲಿ. ಮೇಷ್ಟರ ಕೈಗೆ ಕೊಡಬೇಡಿ, ಲಿಬರೇಟರ್‌ನಿಂದ ಶುರು ಮಾಡುತ್ತಾರೆ.

ಪಾರ್ಕ್ ಎದುರು, ನಿವೃತ್ತ ಮೇಷ್ಟರು:
ಬೇಡ ಬಿಡಿ. ಕಾಗುಣಿತ ಮಾತ್ರ ನೋಡಿಕೊಡುತ್ತೇನೆ.

ಎರಡನೇ ಅಡ್ಡರಸ್ತೆ, ಮೂಲೆ ಮನೆ:
ನನ್ನ ಸಹಿ ಬೇಕಾದರೆ ಒಂದು ಮಾತು ಮೊದಲ ಸಾಲಿನಲ್ಲೇ ಇರಬೇಕು. ಆಲದ ಮರದಿಂದ ಒಳಗೆ ಭಾನುವಾರ ಹೊರಗಿನವರ ಕಾರು ಬರಬಾರದು. ಅಷ್ಟಾದರೆ ಆ ವಿಮಾನ ಗುರುಗುಟ್ಟಿಕೊಂಡು ಇರಲಿ, ನನಗೇನೂ ಇಲ್ಲ. ಮಾವನವರಿಗೂ ಅದರ ಸದ್ದು ಇಷ್ಟವೇ, ಕಿಟಕಿ ತೆಗೆಸಿಕೊಂಡು ಕೇಳುತ್ತಾರೆ.

ಸಂಘದ ಕಾರ್ಯದರ್ಶಿ:
ಮೊದಲ ಸಾಲು ಅದೇ. ಹೆದ್ದಾರಿ ಕಡೆಯ ಖಾಲಿ ಸೈಟಿನಲ್ಲಿ ಕಾರು ನಿಲ್ಲಿಸಲು ಮಾಲೀಕರು ಈ ತಿಂಗಳ ಮಟ್ಟಿಗೆ ಒಪ್ಪಿದ್ದಾರೆ. ಅಲ್ಲಿಂದ ರನ್‌ವೇಗೆ ನಡೆದೇ ಹೋಗಬೇಕು. ತಿರುವಿನಲ್ಲಿ ನಿಂತು ಕಾರು ತಡೆಯಲು ಇಬ್ಬರನ್ನು ತಂಡದವರೇ ಕೊಡಬೇಕು, ನಮ್ಮ ಕಡೆಯಿಂದಲೂ ಇಬ್ಬರು. ಹೊಗಳಿಸಿಕೊಳ್ಳುವ ಕೆಲಸವಲ್ಲ, ಬೈಸಿಕೊಳ್ಳುವ ಕೆಲಸ. ಯಾರು ನಿಲ್ಲುತ್ತೀರಿ?

ರೈಲ್ವೆ ಗೇಟ್ ಕಡೆಯ ತೋಟದವರು:
ಟೆಂಪೊ ಕಳಿಸಿದ ಮೇಲೆ ನಾನು ಬರುತ್ತೇನೆ. ಬೈಸಿಕೊಂಡು ಅಭ್ಯಾಸವಿದೆ.

ಮೂರನೇ ಅಡ್ಡರಸ್ತೆ, ಮೇಲಿನ ಮಹಡಿ:
ನಾನೂ ಇರುತ್ತೇನೆ. ಡ್ರೋನ್ ಚೀಲ ಹೆಗಲಿಗೆ ಹಾಕಿಕೊಂಡು ಬರುವವರನ್ನು ಅಲ್ಲೇ ಗುರುತಿಸಬಹುದು.

ಗಣಪತಿ ಗುಡಿ ಹಿಂದಿನ ಮನೆ:
ಶನಿವಾರ ಆ ಹುಡುಗರ ಜೊತೆ ನಿಂತು ಗೆರೆ ಹಾಕಿಸುತ್ತೇನೆ. ವಿಮಾನದ ಮುಂದೆ ಮತ್ತು ಎರಡೂ ಪಕ್ಕ ದೂರದಲ್ಲಿ ಸುಣ್ಣದ ಗೆರೆ, ಅದರ ಹೊರಗೆ ಹಗ್ಗ. ಹಗ್ಗ ಎಳೆದು ಜನ ಹಿಂದೆ ಸರಿಯುವವರೆಗೆ ಪ್ರೊಪೆಲ್ಲರ್ ಮುಟ್ಟುವ ಹಾಗಿಲ್ಲ. ಬೆಂಕಿ ನಂದಿಸುವ ಸಿಲಿಂಡರ್ ಅವರ ಬಳಿ ಇದೆ, ಅದರ ಅವಧಿ ನೋಡಬೇಕು. ಸುಣ್ಣದ ಪುಡಿ ನನ್ನಲ್ಲಿ ಅರ್ಧ ಚೀಲ ಇದೆ. ಉದ್ದನೆಯ ಹಗ್ಗ ಯಾರ ಬಳಿ ಇದೆ?

ಹಾಲಿನ ಬೂತ್:
ಗಣೇಶನ ಹಬ್ಬದ ಚಪ್ಪರದ ಹಗ್ಗ ಗುಡಿಯ ಉಗ್ರಾಣದಲ್ಲೇ ಇದೆ ಸರ್. ಬೀಗದ ಕೈ ಅರ್ಚಕರ ಹತ್ತಿರ. ಪೂಜೆ ಮುಗಿಸಿ ಹೊರಡುವ ಮೊದಲು ಹಿಡಿಯಿರಿ, ಆಮೇಲೆ ಅವರು ಫೋನ್ ಎತ್ತುವುದಿಲ್ಲ.